ಓಗೊಟ್ಟ ಮೇಲೂ

ಲವೋನಿಯಾ ಅಪ್ಪನ ಅಂಗಿಯ ಕೊರಳಗುಂಡಿ ಹಾಕುತ್ತಿದ್ದಾಗ ಐಸೋಮ್ ಮುದುಕ ಅವಳ ಕೈಯನ್ನು ಮೆಲ್ಲಗೆ ತಳ್ಳಿದ.

"ಯಾರ ಮಣ್ಣೇ ಇವತ್ತು?"

"ಅಮ್ಮಂದು, ಅಪ್ಪ."

"ಯಾರಮ್ಮಂದು?"

ಬೆಳಗಿನಿಂದ ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು. ಚರ್ಚಿನ ಮೆಟ್ಟಿಲ ಮೇಲೆ ಅಪ್ಪನ ತಂಗಿ ರೋಜೀನಾ ಬೀಸಣಿಗೆ ಆಡಿಸುತ್ತಾ ಹತ್ತಿರ ಬಂದಳು.

"ಆ ಬಿಳಿ ಹುಡುಗ ಹಾಲಿಸ್ ಬಂದವ್ನೆ ಕಣೆ. ಹೂವಿನ ಚಕ್ರ ತಂದವ್ನೆ, ನಮ್ಮ ಟ್ರ್ಯಾಕ್ಟರ್ ಗಾಲೀನೇ ನಾಚ್ಕೋಬೇಕು!"

ಲವೋನಿಯಾ ನಗಲಿಲ್ಲ. ನೇರ ಹಾಲಿಸ್‌ನ ಮುಂದೆ ಹೋಗಿ ನಿಂತಳು.

"ಕೂತ್ಕೊ, ಅಳು, ಊಟ ಮಾಡ್ಕೊಂಡು ಹೋಗು. ನೀನು ಹಿಡಿದಿಟ್ಟಿರೋ ಅಮ್ಮನ ದನಿ ಮಾತ್ರ ಹಾಕ್ಬೇಡ. ಅಪ್ಪನ ಕಿವಿಗೆ ಬೀಳ್ಕೂಡ್ದು."

"ಇಲ್ಲ ಅಕ್ಕಾ. ಎರಡು ಮಾತು ಆಡ್ತೀನಿ, ಅಷ್ಟೇ."

*

ಕೆಲವು ವರ್ಷಗಳ ಹಿಂದೆ ಹಾಲಿಸ್ ಊರಿನ ಕೂಗುಗಳನ್ನು ರೆಕಾರ್ಡ್ ಮಾಡಲು ಮೈಕು ಹಿಡಿದು ಮೊದಲು ಬಂದಾಗ ಲವೋನಿಯಾಳ ಅಮ್ಮ ಅರ್ಜೆಲಾ ಜೋಳದ ರೊಟ್ಟಿ ಇಳಿಸುತ್ತಿದ್ದಳು. ಹೊಲದಲ್ಲಿದ್ದವರನ್ನು ಕರೆಯಲು ಆ ಕಡೆ ಪ್ರತಿ ಮನೆಗೂ ಅದರದೇ ಒಂದು ಕೂಗು. ಅವಳು ಜಗಲಿಯ ಅಂಚಿಗೆ ಹೋಗಿ, ಹತ್ತಿಹೊಲದ ಕಡೆ ಮುಖಮಾಡಿ, ಮಾತಿಲ್ಲದ ಆ ಉದ್ದ ದನಿ ಎತ್ತಿದಳು. ಹಳ್ಳದಾಚೆಯಿಂದ ಐಸೋಮ್ ಓಗೊಟ್ಟ: "ಓ—ಹೋ!"

"ಇನ್ನೊಂದ್ಸಲ ಕೂಗ್ತೀರಾ?" ಎಂದ ಹಾಲಿಸ್.

"ಅಯ್ಯೋ, ಬೇಡಪ್ಪ! ಓ ಅಂದ್ಮೇಲೂ ಕೂಗಿದ್ರೆ ಮನೇಲಿ ಏನೋ ಕೆಟ್ಟದ್ದಾಗಿದೆ ಅಂತ. ಮುದ್ಕ ಬಿದ್ದೂ ಎದ್ದೂ ಓಡಿ ಬರ್ತಾನೆ."

ಮುಂದೆ ಲವೋನಿಯಾ ಷಿಕಾಗೋದಲ್ಲಿ ಹಾಲಿಸ್‌ನ ಕಲಾಪ್ರದರ್ಶನದ ಒಂದು ಕತ್ತಲ ಹಜಾರದಲ್ಲಿ ಆ ಕೂಗನ್ನು ಕೇಳಿದಳು. ಗೋಡೆಯಲ್ಲಿ ಬಣ್ಣಗಳು ಕರಗುತ್ತಿದ್ದವು. ರೆಕಾರ್ಡಿನಲ್ಲಿ ಅಮ್ಮ ಕೂಗಿದ್ದನ್ನೇ ಮತ್ತೆ ಮತ್ತೆ ಕೂಗುತ್ತಿದ್ದಳು. ಅಪ್ಪನ "ಓ—ಹೋ" ಇರಲಿಲ್ಲ, ಕತ್ತರಿಸಿ ತೆಗೆದಿದ್ದರು. ಫಲಕದ ಮೇಲೆ 'ದುಃಖ' ಎಂದಿತ್ತು; ಅಮ್ಮನ ಹೆಸರಿರಲಿಲ್ಲ. ಪಕ್ಕದಲ್ಲಿ ಯಾರೋ ಕಣ್ಣೊರೆಸಿಕೊಂಡರು.

"ಇದು ದುಃಖ ಅಲ್ಲ. ಊಟಕ್ಕೆ ಕರೆಯೋದು," ಎಂದಳು ಲವೋನಿಯಾ. ಕಾವಲಿನವನು ತುಟಿಯ ಮೇಲೆ ಬೆರಳಿಟ್ಟ.

ಊರಿಗೆ ಬಂದು ಹೇಳಿದಾಗ ಅರ್ಜೆಲಾ ಕೇಳಿದ್ದು ಒಂದೇ: "ನಾನು ಕೂಗ್ತಾನೇ ಇದೀನಾ? ಮುದ್ಕ ಓ ಅನ್ನೋದೇ ಇಲ್ವಾ?"

ಆಮೇಲೆ ಅವಳು ಜಗಲಿಯಲ್ಲಿ ನಿಂತು ಕೂಗಲಿಲ್ಲ. ಊಟದ ಹೊತ್ತಿಗೆ ಕಾಲೆಳೆಯುತ್ತಾ ಹಳ್ಳದವರೆಗೆ ತಾನೇ ಹೋಗಿ ಗಂಡನನ್ನು ಕರೆತರುತ್ತಿದ್ದಳು.

*

ಪಾದ್ರಿ ಹೆಸರು ಕರೆದಾಗ ಹಾಲಿಸ್ ಎದ್ದು ನಿಂತ. "ಅವರು ನನಗೆ..." ಎಂದವನ ಕಣ್ಣು ತುಂಬಿ ಬಂತು. "ನಾನೇನು ಹೇಳ್ಲಿ, ಅವರೇ ಹೇಳ್ಲಿ," ಎನ್ನುತ್ತಾ ಮೊಬೈಲನ್ನು ಮೈಕಿಗೆ ಹಿಡಿದ.

ಅರ್ಜೆಲಾಳ ಕೂಗು ಚರ್ಚಿನ ತುಂಬ ಎದ್ದಿತು.

ಐಸೋಮ್‌ನ ತಲೆ ಮೇಲೆದ್ದಿತು. ಎಷ್ಟೋ ದಿನದಿಂದ ಮಂಕಾಗಿದ್ದ ಮುಖ ಬೆಳಗಿತು.

"ಓ—ಹೋ!"

"ಆಮೆನ್!" ಎಂದರು ಯಾರೋ, ಅಳುತ್ತಾ ನಗುತ್ತಾ.

ಕೂಗು ಮತ್ತೆ ಬಂತು.

"ಓ—ಹೋ! ಬಂದೆ ಕಣೇ!"

ಮತ್ತೆ ಬಂತು.

ಮುದುಕನ ಮುಖ ಬೂದಿಬಣ್ಣಕ್ಕೆ ತಿರುಗಿತು. "ನಿಲ್ಸೋ!" ಎಂದು ಲವೋನಿಯಾ ಕಿರುಚಿದಳು. ಹಾಲಿಸ್‌ನ ಬೆರಳುಗಳು ಮೊಬೈಲಿನ ಮೇಲೆ ತಡಕಾಡಿದವು. ಕೂಗು ಇನ್ನೊಮ್ಮೆ ಬಂತು.

"ವೋನಿ, ಏಳೇ! ಮನೇಲಿ ಏನೋ ಆಗ್ಬಿಟ್ಟಿದೆ. ನಿಮ್ಮಮ್ಮ ಒಬ್ಳೇ ಅವ್ಳೆ!"

ಮುದುಕ ಬೆಂಚುಗಳನ್ನು ಹಿಡಿದು ಹಿಡಿದು ಮುಂದೆ ಬಂದ. ತೆರೆದ ಶವಪೆಟ್ಟಿಗೆ ದಾರಿಗೆ ಅಡ್ಡವಿತ್ತು. ಅದರೊಳಗೆ ನೋಡದೆ, ಅದರ ಅಂಚಿಗೇ ಕೈಕೊಟ್ಟು ಬಳಸಿಕೊಂಡು, ಪಕ್ಕದ ಬಾಗಿಲಿನಿಂದ ಕೆಂಪು ಮಣ್ಣಿನ ದಾರಿಗಿಳಿದ. ಒಂದು ಹೊಸ ಬೂಟು ಮೆಟ್ಟಿಲಲ್ಲೇ ಉಳಿಯಿತು.

ಒಳಗೆ ಕೂಗು ನಿಂತಿತು. ಹೊರಗೆ, ಹತ್ತಿಹೊಲದ ಅಂಚಿನಲ್ಲಿ, "ಓ—ಹೋ" ಮನೆಯ ಕಡೆ ಓಡುತ್ತಲೇ ಇತ್ತು.