ಅರಬೈಲ್ ಘಟ್ಟ ಏರಿದ ಗೇರ್‌ಬಾಕ್ಸ್

ಕಾರಿನ ಹೊಟ್ಟೆಯ ಕೆಳಗೆ, ಎಂಜಿನ್ನಿನ ಬೆನ್ನಿಗೆ ಅಂಟಿಕೊಂಡು ಬದುಕಿದವನು ನಾನು, ಒಂದು ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಎಂಜಿನ್ ಎಷ್ಟು ಬಲದಿಂದ ತಿರುಗಿಸುತ್ತಿದೆಯೆಂದು ಅದರ ಕಂಪ್ಯೂಟರ್ ನನಗೆ ಹೇಳುತ್ತದೆ. ಅಷ್ಟಕ್ಕೆ ಸರಿಯಾಗಿ ಎಣ್ಣೆಯ ಒತ್ತಡದಿಂದ ಕ್ಲಚ್ ಪ್ಲೇಟುಗಳನ್ನು ಹಿಡಿದು, ಆ ಬಲವನ್ನು ಗಾಲಿಗೆ ದಾಟಿಸುವುದು ನನ್ನ ಕೆಲಸ. ಈ ತಿರುಗುವ ಬಲಕ್ಕೆ ಮೆಕ್ಯಾನಿಕ್‌ಗಳು ಟಾರ್ಕ್ ಎನ್ನುತ್ತಾರೆ. ನನ್ನ ಎಂಜಿನ್ನಿನ ಟಾರ್ಕ್ ಇನ್ನೂರ ಎಂಬತ್ತು ನ್ಯೂಟನ್ ಮೀಟರ್. ಮುನ್ನೂರ ಐವತ್ತರವರೆಗೆ ತಾಳುವಂತೆ ನನ್ನನ್ನು ಕಟ್ಟಿದ್ದರು.

ನನ್ನನ್ನು ಕೊಂಡವರು ಹುಬ್ಬಳ್ಳಿಯ ಇಂದುಮತಿ. ಚಿಕ್ಕಂದಿನ ಪೋಲಿಯೊದಿಂದ ಅವರ ಎಡಗಾಲಿಗೆ ಶಕ್ತಿಯಿಲ್ಲ. ಕ್ಲಚ್ ತುಳಿಯುವ ಕಾರು ಓಡಿಸಲಾರರು. ಊರೂರಿಗೆ ಹೋಗಿ ಕೃತಕ ಕಾಲು ಜೋಡಿಸುವುದು ಅವರ ಉದ್ಯೋಗ. ನಾನು ಬರುವ ಮೊದಲು ಆ ಸಾಮಾನಿನ ಪೆಟ್ಟಿಗೆಗಳೊಡನೆ ಬಸ್ಸಿನ ಮೆಟ್ಟಿಲು ಹತ್ತಲು ಯಾರದಾದರೂ ಕೈ ಕಾಯಬೇಕಾಗಿತ್ತಂತೆ. ಕಾರು ಬಂದ ದಿನ ಅವರು ಒಬ್ಬರೇ ಊರೆಲ್ಲ ಮೂರು ಸುತ್ತು ಹೊಡೆದರು. ನನಗೂ ಖುಷಿಯೋ ಖುಷಿ!

ಅವರ ತಮ್ಮ ವಿರೂಪಾಕ್ಷನಿಗೆ ಅಕ್ಕನೆಂದರೆ ಪ್ರಾಣ. ಪ್ರತಿ ನಾಗರಪಂಚಮಿಗೆ ಅವರಿಗೊಂದು ಸೀರೆ ತರುತ್ತಿದ್ದ. ಆ ವರ್ಷ ಮಾತ್ರ ಸರ್ವಿಸ್ ಮಾಡಿಸುತ್ತೇನೆಂದು ಕಾರು ಒಯ್ದು, ಯಾರೋ ಒಬ್ಬನಿಂದ ಬಲ ಹೆಚ್ಚುವಂತೆ ಎಂಜಿನ್ನಿನ ಕಂಪ್ಯೂಟರ್ ತಿದ್ದಿಸಿ, ಅಂದರೆ ಟ್ಯೂನ್ ಮಾಡಿಸಿ ತಂದ.

"ಅಕ್ಕಾ, ಈ ಸಲ ಪಂಚಮಿಗೆ ಸೀರಿ ಇಲ್ಲ. ಗಾಡಿ ಹತ್ತಿ ನೋಡು," ಎಂದ.

ಮೊದಲ ವಾರ ನಾನೂ ಹಾರಿದೆ. ಏನು ವೇಗ, ಏನು ಹುಮ್ಮಸ್ಸು! ಲಾರಿಗಳನ್ನು ದಾಟುವಾಗ ಇಂದುಮತಿ ಸಣ್ಣ ಹುಡುಗಿಯಂತೆ ನಗುತ್ತಿದ್ದರು. ಆದರೆ ಎಂಜಿನ್ ಮುನ್ನೂರ ತೊಂಬತ್ತರಷ್ಟು ಬಲ ಕೊಡುತ್ತ, ನನಗೆ ಮಾತ್ರ ಹಳೆಯ ಇನ್ನೂರ ಎಂಬತ್ತನ್ನೇ ಹೇಳುತ್ತಿತ್ತು. ನಾನು ತಕರಾರು ತೆಗೆಯಬಾರದೆಂದು ಟ್ಯೂನ್ ಮಾಡಿದವನೇ ಕಂಪ್ಯೂಟರಿನಲ್ಲಿ ಹಾಗೆ ಬರೆದಿದ್ದ. ಹಳೆಯ ಲೆಕ್ಕ ನಂಬಿ ನಾನು ಹಳೆಯ ಹಿಡಿತವನ್ನೇ ಹಿಡಿದೆ.

ಅಂಕೋಲೆಯ ಕೃತಕ ಕಾಲಿನ ಶಿಬಿರ ಮುಗಿಸಿ ಅಕ್ಕ ತಮ್ಮ ಮರಳುವಾಗ ಅರಬೈಲ್ ಘಟ್ಟದಲ್ಲಿ ನನ್ನ ಪ್ಲೇಟುಗಳು ಜಾರಿದವು. ಎಂಜಿನ್ ಅರಚುತ್ತಿತ್ತು, ಗಾಲಿ ತಿರುಗಲೊಲ್ಲದು. ಎಣ್ಣೆ ಕುದಿದು ಕೆಂಪು ದೀಪ ಹತ್ತಿತು.

ಇಂದುಮತಿ ಬದಿಗೆ ನಿಲ್ಲಿಸಿದರು. "ವಿರೂಪಾ, ಏನ್ ಮಾಡಿಸಿದಿ, ಖರೇ ಹೇಳು."

ಅವನು ತಲೆ ತಗ್ಗಿಸಿ ಎಲ್ಲ ಹೇಳಿದ. ಅವರು ಬಯ್ಯಲಿಲ್ಲ. ನನ್ನ ಎಣ್ಣೆ ಆರುವವರೆಗೆ ಕಾದು, ಎರಡನೆಯ ಗೇರಿನಲ್ಲಿ, ಮೊಟ್ಟೆಯ ಮೇಲೆ ಕಾಲಿಟ್ಟಂತೆ ಆಕ್ಸಿಲರೇಟರ್ ಒತ್ತುತ್ತ ಊರು ಮುಟ್ಟಿಸಿದರು.

ಮೆಕ್ಯಾನಿಕ್ ಮಕ್ತುಂಸಾಬರು ನನ್ನ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿದರು. ಸುಟ್ಟ ವಾಸನೆ.

"ಮತ್ತ ನಾ ಬಸ್ಸಿಗೇ ಹೋಗಬೇಕೇನ್ರಿ ಸಾಬ್ರ?" ಇಂದುಮತಿಯ ದನಿ ಸಣ್ಣದಾಗಿತ್ತು.

ಸಾಬರು ವಿರೂಪಾಕ್ಷನ ಕಡೆ ತಿರುಗಿದರು. "ಎತ್ತಿಗೆ ಮೇವು ಹಾಕಿದಿ ತಮ್ಮಾ, ನೊಗಾ ತಡೀತೈತೋ ಇಲ್ಲೋ ನೋಡಲಿಲ್ಲ. ಇದಕ್ಕ ಸುಳ್ಳ ಲೆಕ್ಕ ಹೇಳ್ಯಾರ."

ಅವರು ಎಂಜಿನ್ನನ್ನು ಮುನ್ನೂರ ಇಪ್ಪತ್ತಕ್ಕೆ ಇಳಿಸಿದರು, ಮೊದಲ ಎರಡು ಗೇರುಗಳಲ್ಲಿ ಇನ್ನೂ ಕಡಿಮೆ. ನನಗೆ ನಿಜವಾದ ಲೆಕ್ಕ ಸಿಗುವಂತೆ ಮಾಡಿ, ಹೊಸ ಪ್ಲೇಟು, ಹೊಸ ಎಣ್ಣೆ ಹಾಕಿ, ಎಣ್ಣೆ ತಣಿಸಲು ಇನ್ನೊಂದು ಕೂಲರ್ ಕಟ್ಟಿದರು. ನನ್ನ ಬಿಡಿಭಾಗಗಳನ್ನು ಇಡೀ ಭಾನುವಾರ ಕೂತು ತೊಳೆದವನು ವಿರೂಪಾಕ್ಷ. ಯಾರೂ ಅವನಿಗೆ ಹೇಳಿರಲಿಲ್ಲ.

ಮುಂದಿನ ತಿಂಗಳು ಮತ್ತೆ ಅದೇ ಘಟ್ಟ, ತುಂಬಿದ ಪೆಟ್ಟಿಗೆಗಳು. ಸಾಬರು ಹಿಂದಿನ ಸೀಟಿನಲ್ಲಿ ಕೂತು ಪಾದದಿಂದಲೇ ನನ್ನ ನಡುಕ ಆಲಿಸುತ್ತಿದ್ದರು. ಮೊದಲ ತಿರುವು! ಬಲ ಉಕ್ಕಿ ಬಂತು. ಎಷ್ಟು ಬರುತ್ತದೆಂದು ಈ ಬಾರಿ ನನಗೆ ಗೊತ್ತಿತ್ತು. ಗಟ್ಟಿಯಾಗಿ ಹಿಡಿದೆ. ಎರಡನೆಯ ಗೇರು, ಮೂರನೆಯದು, ಮತ್ತೆ ಎರಡು. ಒಂದು ಪ್ಲೇಟೂ ಜಾರಲಿಲ್ಲ! ಘಟ್ಟದ ತಲೆ ಮುಟ್ಟಿದಾಗ ಇಂದುಮತಿ ಗಾಜು ಇಳಿಸಿ ಗಾಳಿಗೆ ಮುಖ ಕೊಟ್ಟರು.

ಆಮೇಲೆ ಹನ್ನೊಂದು ವರ್ಷ ಅವರು ಯಾರ ಕೈಯನ್ನೂ ಕಾಯಲಿಲ್ಲ.

ಕಾರು ಗುಜರಿಗೆ ಹೋದರೂ ಸಾಬರು ನನ್ನನ್ನು ಬಿಚ್ಚಿ ತಂದು ಗ್ಯಾರೇಜಿನ ಮೂಲೆಯಲ್ಲಿಟ್ಟಿದ್ದಾರೆ. ಹೆಚ್ಚಿನ ಬಲವನ್ನು ನಮ್ಮಂಥವರು ತಾಳುತ್ತೇವೆಯೇ? ತಾಳುತ್ತೇವೆ, ಒಂದು ಮಿತಿಯವರೆಗೆ. ಬರುವುದೆಷ್ಟೆಂದು ಮೊದಲೇ ನಿಜ ಹೇಳಿದರೆ. ಮೊನ್ನೆ ಇಂದುಮತಿ ತಮ್ಮ ಹೊಸ ಕಾರು ತಾವೇ ಓಡಿಸಿಕೊಂಡು ಬಂದಿದ್ದರು. ಹೋಗುವ ಮುನ್ನ ಸೆರಗಿನ ತುದಿಯಿಂದ ನನ್ನ ಮೇಲಿನ ಧೂಳು ಒರೆಸಿದರು.