ಪಡುವಣದಲ್ಲಿ ಶಾಂತಿ ಇದೆಯೇ

ಕಾಡುಬೆಳ್ಳುಳ್ಳಿಯ ಎಳೆ ಎಲೆ ಕಾಲಿಗೆ ಸಿಕ್ಕಿ ನಲುಗಿದಾಗ ಏಳುವ ಘಾಟು ತೆಗ್ವೆನ್‌ಗೆ ಬಾಲ್ಯದಿಂದಲೂ ಗೊತ್ತು. ಒಗೆದ ಬಟ್ಟೆ ಹರವಲು ಹಿತ್ತಲಿಗೆ ಹೋದ ಅಮ್ಮ ಗಾಳಿಗೆ ಮೂಗೊಡ್ಡಿ ನಿಂತು, "ಬಂತು ನೋಡೇ, ವಸಂತ" ಎನ್ನುತ್ತಿದ್ದಳು. ಮರ, ನೀರು, ಋತುಗಳನ್ನು ಪೂಜಿಸುವ ಡ್ರೂಯಿಡರ ತೋಪಿಗೆ ತೆಗ್ವೆನ್ ಸೇರಿದ್ದು ಮದುವೆಯಾದ ಮೇಲೆ. ಆದರೆ ಡ್ರೂಯಿಡ್ ಆದದ್ದು ಆ ಹಿತ್ತಲಿನಲ್ಲೇ ಎಂದು ಅವಳ ನಂಬಿಕೆ.

ಪ್ರೆಸೆಲಿ ಗುಡ್ಡದ ಮಗ್ಗುಲಿನ ಓಕ್ ತೋಪಿನಲ್ಲಿ ಅವರೆಲ್ಲ ವರ್ಷಕ್ಕೆ ಎಂಟು ಹಬ್ಬಗಳಿಗೆ ವೃತ್ತವಾಗಿ ನಿಲ್ಲುತ್ತಿದ್ದರು. ಯಾವ ಹಬ್ಬವೇ ಆಗಲಿ, ಅದನ್ನು ನಡೆಸಲು ಕೋಲು ಹಿಡಿದವರು ಮೊದಲು ನಾಲ್ಕೂ ದಿಕ್ಕಿಗೆ ನಡೆದು, "ಇಲ್ಲಿ ಶಾಂತಿ ಇದೆಯೇ?" ಎಂದು ಕೇಳಬೇಕು. ಅಲ್ಲಿ ನಿಂತವರು "ಇದೆ" ಎಂದರೆ ಮಾತ್ರ ಮುಂದಿನ ಕೆಲಸ. ಮೂರು ಸಲ ಕೇಳಿಯೂ "ಇಲ್ಲ" ಎಂದೇ ಬಂದರೆ ಅಂದು ಹಬ್ಬವಿಲ್ಲ. ಕಾರಣ ಕೇಳುವ ಹಾಗಿಲ್ಲ. ಹಾಗೆ ಅಂದವರನ್ನು ಯಾರೂ ಇದುವರೆಗೆ ಕಂಡಿರಲಿಲ್ಲ.

ನೀರಿನ ದಿಕ್ಕಾದ ಪಡುವಣದಲ್ಲಿ ಯಾವಾಗಲೂ ತೆಗ್ವೆನ್ ನಿಲ್ಲುತ್ತಿದ್ದಳು. ಅಷ್ಟು ವರ್ಷ ಕೋಲು ಹಿಡಿದಿದ್ದ ಮುದುಕ ಇದ್ವಲ್‌ನ ಮಂಡಿ ಸೋತ ಮೇಲೆ ಅದು ತನ್ನ ಕೈಗೇ ಬರುತ್ತದೆಂದು ಅವಳಿಗೆ ಅನುಮಾನವೇ ಇರಲಿಲ್ಲ. ಬಿಳಿ ನಿಲುವಂಗಿಗೆ ಹೊಸ ಅಂಚನ್ನೂ ಹೊಲಿದಿಟ್ಟಿದ್ದಳು. ಫೆಬ್ರವರಿಯಲ್ಲಿ, ಕುರಿಗಳು ಮೊದಲ ಹಾಲಿಳಿಸುವ ಹೊತ್ತಿನ ಹಬ್ಬದಲ್ಲಿ, ಇದ್ವಲ್ ಕುಂಟುತ್ತ ಬಂದು ಅವಳನ್ನು ದಾಟಿ ಹೋಗಿ ಕೋಲನ್ನು ಲೌರಿಯ ಕೈಯಲ್ಲಿಟ್ಟ.

ಲೌರಿ! ಸ್ವಾನ್ಸಿ ಪಟ್ಟಣದಿಂದ ಮೊನ್ನೆ ಮೊನ್ನೆ ಬಂದು ನೆಲೆಸಿದವಳು. ಬೂಟಿನ ಹಸಿರು ಬಣ್ಣ ಇನ್ನೂ ಮಾಸಿರಲಿಲ್ಲ.

"ತೆಗ್ವೆನ್ ಆಂಟಿ, ಇದು ಯಾವ ಗಿಡದ ಮೊಗ್ಗು?" ಎಂದು ಅವಳು ಏಪ್ರಿಲ್‌ನಲ್ಲಿ ಬೇಲಿಯ ಹತ್ತಿರ ಕೇಳಿದಳು.

"ಕೋಲು ಹಿಡಿದೋರಿಗೆ ಗೊತ್ತಿರಬೇಕಲ್ಲಮ್ಮ."

ಲೌರಿ ಪೆಚ್ಚಾಗಿ ನಕ್ಕಳು. ಆ 'ಆಂಟಿ' ತೆಗ್ವೆನ್‌ಗೆ ದಿನವಿಡೀ ಮುಳ್ಳಿನಂತೆ ಚುಚ್ಚಿತು.

ಆ ವರ್ಷ ಋತುಗಳೆಲ್ಲ ಲೌರಿಯ ಪಕ್ಷ ವಹಿಸಿದಂತಿತ್ತು. ಮೇ ತಿಂಗಳ ಬೆಂಕಿ ಅವಳು ಗೀರಿದ ಮೊದಲ ಕಡ್ಡಿಗೇ ಹತ್ತಿಕೊಂಡಿತು. ನಡುಬೇಸಿಗೆಯ ಮುಂಜಾನೆ ಅವಳು ಕೋಲೆತ್ತಿದ ಕೂಡಲೇ ಮೋಡ ಸರಿದು ಸೂರ್ಯ ಕಾಣಿಸಿಕೊಂಡ. ಇದ್ವಲ್‌ನ ಕಾಲದಲ್ಲಿ ಸೂರ್ಯ ಹಾಗೆ ಬಂದದ್ದೇ ಅಪರೂಪ. ತೆಗ್ವೆನ್‌ಳ ಹಿತ್ತಲಿನ ಕಾಳು ತಿಂದು ಬೆಳೆದ ಕೆಂಪೆದೆಯ ರಾಬಿನ್ ಹಕ್ಕಿ ಸುಗ್ಗಿಹಬ್ಬದ ದಿನ ಲೌರಿಯ ಅಂಗೈ ಮೇಲೆ ಹೋಗಿ ಕುಳಿತಿತು. ತೆಗ್ವೆನ್ ವಾರವಿಡೀ ಕಾಳು ಹಾಕಲಿಲ್ಲ. ಆಮೇಲೆ ತನಗೇ ನಾಚಿಕೆಯಾಗಿ ಎರಡು ಹಿಡಿ ಹೆಚ್ಚು ಹಾಕಿದಳು.

"ಏನವ್ವಾ, ಹಾಲು ಒಡೆದುಹೋಗೋ ಹಂಗೆ ನೋಡ್ತಿದ್ದೀಯಲ್ಲ ಆ ಹುಡುಗೀನ," ಎಂದ ಕುರಿ ಸಾಕುವ ಗ್ವಿಲಿಮ್.

"ನಿನ್ನ ಕುರಿ ನೀನು ನೋಡ್ಕೋ."

"ಅವು ನಿನಗಿಂತ ವಾಸಿ. ಕೋಪ ಬಂದ್ರೆ ಗುಮ್ಮಿ ಮುಗಿಸ್ತಾವೆ."

ಪ್ರತಿ ಹಬ್ಬದಲ್ಲೂ ಲೌರಿ ಪಡುವಣಕ್ಕೆ ಬಂದು ಕೇಳುತ್ತಿದ್ದಳು. ತೆಗ್ವೆನ್ "ಇದೆ" ಎನ್ನುತ್ತಿದ್ದಳು. ಅದು ಸುಳ್ಳೆಂದು ಓಕ್ ಮರಗಳಿಗೆ ಗೊತ್ತಾಗುತ್ತಿದೆ ಎಂದು ಒಳಗೆ ಅಳುಕು. ವೃತ್ತದಲ್ಲಿ ನಿಂತು ಸುಳ್ಳು ಹೇಳುವವಳಿಗೆ ಆ ವೃತ್ತದಲ್ಲಿ ಏನು ಕೆಲಸ?

ನವೆಂಬರ್ ಮೊದಲ ದಿನ, ಚಳಿಗಾಲ ಕಾಲಿಡುವ ಹಬ್ಬ. ಮಧ್ಯಾಹ್ನವೇ ಮಂಜು ಇಳಿದಿತ್ತು. ಊಟದ ಬುಟ್ಟಿಗಳನ್ನು ಕಲ್ಲಿನ ಮೇಲಿಟ್ಟು ಎಲ್ಲರೂ ನಿಂತರು. ಮೂಡಣ, ತೆಂಕಣ ಆಗಿ ಲೌರಿ ಪಡುವಣಕ್ಕೆ ಬಂದಳು.

"ಪಡುವಣದಲ್ಲಿ ಶಾಂತಿ ಇದೆಯೇ?"

ತೆಗ್ವೆನ್ ಬಾಯಿ ತೆರೆದಳು. "ಇಲ್ಲ."

ಯಾರೋ ಕೆಮ್ಮಿದರು. ಲೌರಿ ಮತ್ತೆ ಕೇಳಿದಳು. "ಇಲ್ಲ." ಮೂರನೆಯ ಸಲ ಕೇಳುವ ಮೊದಲು ಅವಳು ತುಂಬ ಹೊತ್ತು ಕಾದಳು, ತೆಗ್ವೆನ್‌ಗೆ ಮನಸ್ಸು ಬದಲಿಸಲು ಸಮಯ ಕೊಡುವವಳಂತೆ. ಉತ್ತರ ಬದಲಾಗಲಿಲ್ಲ.

ಕಾರಣವನ್ನು ಯಾರೂ ಕೇಳಲಿಲ್ಲ. ತೆಗ್ವೆನ್‌ಳೇ ಹೇಳಿದಳು: "ಹೊಟ್ಟೆಕಿಚ್ಚು ಕಣ್ರಪ್ಪ. ಫೆಬ್ರವರಿಯಿಂದ ಉರೀತಿದೆ. ಆ ಕೋಲು ನನ್ನದು ಅಂದ್ಕೊಂಡಿದ್ದೆ."

ಇದ್ವಲ್ ಮಡಚುವ ಕುರ್ಚಿಯಿಂದಲೇ ಹೇಳಿದ: "ಆ ನೀರಿನ ದಿಕ್ಕನ್ನ ಬಿಟ್ಟು ನೀನು ಕದಲೋದಿಲ್ಲ ಅಂದ್ಕೊಂಡೆ ಕಣೆ."

"ನನ್ನ ಕೇಳಿದ್ಯಾ?"

"ಇಲ್ಲ." ಮುದುಕ ತಲೆ ತಗ್ಗಿಸಿದ. "ಕೇಳಬೇಕಿತ್ತು."

ಲೌರಿ ಕೋಲನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು. "ತಗೊಳ್ಳಿ ಆಂಟಿ. ನನಗೇನೂ ಬೇಜಾರಿಲ್ಲ."

ತೆಗ್ವೆನ್‌ಳ ಕೈ ತಾನಾಗಿಯೇ ಎದ್ದಿತು. ಲೌರಿಯ ಬೆರಳುಗಳು ಚಳಿಗೆ ನೀಲಿಗಟ್ಟಿದ್ದವು. ಒಂಬತ್ತು ತಿಂಗಳ ತೋಪಿನ ಕೆಲಸಕ್ಕೆ ಆ ಅಂಗೈಯಲ್ಲಿ ದಡ್ಡು ಕಟ್ಟಿತ್ತು. ಎದ್ದ ಕೈ ಇಳಿಯಿತು.

"ಬೇಡ. ಈಗ ತಗೊಂಡ್ರೆ ಕಿತ್ಕೊಂಡ ಹಾಗೆ." ತೆಗ್ವೆನ್ ಅಂದಳು, "ಇಷ್ಟು ಸುಲಭಕ್ಕೆ ಕೊಡೋಕೆ ಬರ್ತೀಯಲ್ಲ, ಅದಕ್ಕೂ ನನಗೆ ಹೊಟ್ಟೆಕಿಚ್ಚೇ."

ಗ್ವಿಲಿಮ್ ಗೊಳ್ಳೆಂದು ನಕ್ಕ. ಲೌರಿ ನಗಲಿಲ್ಲ. ಕೋಲನ್ನು ನೆಲದ ಮೇಲೆ ಮಲಗಿಸಿ, "ಇವತ್ತು ಹಬ್ಬ ನಡೆಸೋದಿಲ್ಲ. ಶಾಂತಿ ಇಲ್ಲ ಅಂತ ಗೊತ್ತಿದ್ದೂ ಮುಂದುವರಿಯೋಕೆ ನನಗಾಗಲ್ಲ," ಎಂದಳು.

ಹಬ್ಬದ ಮೊದಲ ತುತ್ತನ್ನು ನೆಲಕ್ಕೆ ಕೊಡದೆ ಬುಟ್ಟಿ ಬಿಚ್ಚುವಂತಿರಲಿಲ್ಲ. ತಂದ ರೊಟ್ಟಿ, ಸೇಬಿನ ಕಡುಬು ಎಲ್ಲವನ್ನೂ ತಂದವರೇ ಹೊತ್ತು ಇಳಿದರು. "ಹಸಿವಿಗೂ ಶಾಂತಿ ಇಲ್ಲ ನೋಡ್ರಪ್ಪ," ಎಂದು ಗ್ವಿಲಿಮ್ ಗೊಣಗುವುದು ದೂರದವರೆಗೆ ಕೇಳಿಸಿತು. ಆದರೂ ಹೋಗುವ ಮುಂಚೆ ಅವನೇ ತೆಗ್ವೆನ್‌ಳ ಜಾರಿದ ಶಾಲನ್ನು ಹೆಗಲಿಗೆ ಎಳೆದು ಸರಿಪಡಿಸಿದ್ದ.

ತೆಗ್ವೆನ್ ಎಲ್ಲರಿಗಿಂತ ಹಿಂದೆ ಉಳಿದಳು. ಹಬ್ಬ ಕೆಡಿಸಿದವಳೆಂದು ಯಾರೂ ಅನ್ನಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಹೊಟ್ಟೆಯೊಳಗಿನ ಉರಿ ಆರಿರಲಿಲ್ಲ. ಆದರೆ ಹೊರಗೆ ಬಂದಿತ್ತು, ಎಲ್ಲರ ಕಣ್ಣಿಗೂ ಬಿದ್ದಿತ್ತು. ಮುಂದಿನ ಸಲ ಏನು ಹೇಳುವಳೋ ಅವಳಿಗೇ ತಿಳಿಯದು. ಹೇಳುವುದು ನಿಜವಾಗಿರುತ್ತದೆ ಎನ್ನುವುದು ಮಾತ್ರ ತಿಳಿದಿತ್ತು.

ಗುಡ್ಡದ ಕೆಳಗಿನ ಮರದ ಗೇಟಿನ ಬಳಿ ಲೌರಿ ನಿಂತಿದ್ದಳು. ಹಬ್ಬದ ಬುಟ್ಟಿಯನ್ನು ಮುಟ್ಟದೆ, ಮನೆಗೆಂದು ಕಾರಿನಲ್ಲಿಟ್ಟಿದ್ದ ಮುಚ್ಚಳದ ಪಾತ್ರೆಯನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದಳು. ಒಳಗೆ ಕುರಿಮಾಂಸ, ಆಲೂಗಡ್ಡೆ ಹಾಕಿ ಕುದಿಸಿದ ಸಾರು ಇನ್ನೂ ಬಿಸಿಯಾಗಿತ್ತು. ಅದನ್ನು ತೆಗ್ವೆನ್‌ಳ ಕೈಗಿಟ್ಟು, ಚಮಚೆಯನ್ನು ಮೇಲಿಟ್ಟಳು.