ತುಟಿಗೆ ಸೇರಿದ ದನಿ

ಪಾಂಫಿಲ್‌ನ ಹಳೆಯ ಕಾರು ದಿಬ್ಬ ಇಳಿಯುವಾಗಲೆಲ್ಲ ಸವೇತಾ ತೊಡೆಯ ಮೇಲಿನ ಬಟ್ಟಲನ್ನು ಅವುಚಿ ಹಿಡಿಯುತ್ತಿದ್ದಳು. ಅದರಲ್ಲಿ ಸಕ್ಕರೆ, ಅಕ್ರೋಟು ಬೆರೆಸಿದ ಬೇಯಿಸಿದ ಗೋಧಿ. ಸತ್ತವರ ಹೆಸರು ಹೇಳಿ ಕೊಡುವ ಗೋಧಿ ಅದು; ತಿಂದವರು ‘ದೇವರು ಅವನನ್ನು ಕ್ಷಮಿಸಲಿ’ ಅನ್ನಬೇಕು. ಅವಳ ಅಪ್ಪ ಇಫ್ತಿಮಿಯ ಹೆಸರಿನ ಗೋಧಿಯನ್ನು ಪ್ರತಿ ವರ್ಷ ಮೊದಲು ತಿನ್ನುವವನು ಪಕ್ಕದ ಮನೆಯ ಪಾಂಫಿಲ್. ಈ ಸಲ ಅಪ್ಪನ ದನಿ ಕೇಳಿದ ಮೇಲೆ ಕೊಡೋಣವೆಂದು ಯಾಶಿ ಪಟ್ಟಣಕ್ಕೇ ಹೊತ್ತು ತಂದಿದ್ದಳು.

“ಅಕ್ಕ, ನಿಮ್ಮಪ್ಪ ಬಾಯಿ ಬಿಟ್ಟರೆ ಕೇಳು, ನಮ್ಮನೆ ಗರಗಸ ಒಯ್ದೋನು ಎಲ್ಲಿಟ್ಟ ಅಂತ.”

“ಅದಕ್ಕೆ ಹಲ್ಲೇ ಇರಲಿಲ್ಲವಂತೆ, ಅವ್ವ ಹೇಳ್ತಿದ್ಲು. ನಿನ್ನ ಹಾಗೇ.”

ಪಾಂಫಿಲ್ ಬೋಳು ಒಸಡು ತೋರಿಸಿ ನಕ್ಕ.

ಸರ್ಕಾರ ಎಲ್ಲರ ಹೊಲಗಳನ್ನೂ ಕೂಡಿಸಿ ಒಂದು ಮಾಡುತ್ತಿದ್ದ ಕಾಲದಲ್ಲಿ ಊರಿನ ಒಂದು ಸಭೆಯನ್ನು ಚಿತ್ರೀಕರಿಸಿದ್ದರು. ಆ ಸಂಜೆಯೇ ಪಾಂಫಿಲ್‌ನ ಅಪ್ಪ ನೆಕುಲಾಯ್‌ನನ್ನು ಲಾರಿಗೆ ಹತ್ತಿಸಿಕೊಂಡು ಹೋದರು. ಆತ ಮರಳಿ ಬರಲಿಲ್ಲ. ಅದೇ ಚಳಿಗಾಲದಲ್ಲಿ ಇಫ್ತಿಮಿ ಕಾಡಿನಲ್ಲಿ ಮರ ಮೈಮೇಲೆ ಬಿದ್ದು ಸತ್ತ. ಸವೇತಾ ಆಗ ಚಿಕ್ಕವಳು, ಪಾಂಫಿಲ್ ತೊಟ್ಟಿಲಲ್ಲಿದ್ದ. ನೆಕುಲಾಯ್ ಪರವಾಗಿ ಎದ್ದು ನಿಂತು ಮಾತಾಡಿದವನು ನಿನ್ನಪ್ಪ ಒಬ್ಬನೇ ಎಂದು ಅವ್ವ ಸಾಯುವತನಕ ಹೇಳಿದಳು. ಹೋದ ವರ್ಷ ವಿಶ್ವವಿದ್ಯಾಲಯದವರು ಆ ಮೂಕ ಚಿತ್ರವನ್ನು ಊರಿಗೆ ತಂದು ತೋರಿಸಿದಾಗ, ಮದುವೆಯ ಫೋಟೋದಲ್ಲಿದ್ದ ಅದೇ ಮುಖ ಎದ್ದು ನಿಂತು ಬಾಯಾಡಿಸಿದ್ದನ್ನು ಎಲ್ಲರೂ ಕಂಡರು. ಪಾಂಫಿಲ್ ಅಲ್ಲೇ ಅತ್ತಿದ್ದ. ಸವೇತಾಳ ಸೌದೆ ಒಡೆಯುವುದು, ಬಾವಿಯ ಹಗ್ಗ ಬದಲಿಸುವುದು ಅವನಿಗೆ ಋಣ ತೀರಿಸುವ ಕೆಲಸ.

ಯಾಶಿಯ ವಿಶ್ವವಿದ್ಯಾಲಯದಲ್ಲಿ ಸ್ಮರಾಂದಾ ಎಂಬ ಸಂಶೋಧಕಿ ಇಬ್ಬರನ್ನೂ ಪರದೆಯ ಮುಂದೆ ಕೂರಿಸಿದಳು.

“ಅಜ್ಜಿ, ಚಿತ್ರ ಒಂದು ಕಪಾಟಿನಲ್ಲಿತ್ತು, ದನಿಯ ಟೇಪು ಇನ್ನೊಂದರಲ್ಲಿ. ಯಾವ ಮಾತು ಯಾರದ್ದು ಅಂತ ಗೊತ್ತಿರಲಿಲ್ಲ. ಕಂಪ್ಯೂಟರಿಗೆ ತುಟಿ ನೋಡೋದೂ ಕಲಿಸಿದೀವಿ, ಮಾತು ತಿಳಿಯೋದೂ ಕಲಿಸಿದೀವಿ. ಎರಡನ್ನೂ ಕೂಡಿಸಿ, ಇಲ್ಲಿ ಏನಾಗ್ತಿದೆ ಅಂತ ಅದು ಕೆಳಗೆ ಒಂದು ಸಾಲು ಬರೀತದೆ. ಹೆಸರು ಮಾತ್ರ ಮನೆಯವರು ಒಪ್ಪಿದರೇನೇ ಹಾಕೋದು.” ಅವಳು ಪಾಂಫಿಲ್ ಕಡೆ ನೋಡಿದಳು. “ಇವರು ಹೊರಗೆ ಕೂತರೆ ಒಳ್ಳೇದು.”

“ಅವನ್ಯಾಕೆ ಹೊರಗೆ? ಅವನಿಗೋಸ್ಕರಾನೇ ಅಪ್ಪ ಬಾಯಿ ಬಿಟ್ಟಿದ್ದು. ಹಾಕಮ್ಮ ನೀನು.”

ಪರದೆಯ ಮೇಲೆ ತೆಳ್ಳಗಿನ ಮನುಷ್ಯ ಟೊಪ್ಪಿಗೆ ಕೈಯಲ್ಲಿ ಹಿಡಿದು ಎದ್ದ. ಎರಡು ಸಲ ಗಂಟಲು ಸರಿಮಾಡಿಕೊಂಡ. ಸವೇತಾಳ ತೀರಿಹೋದ ಅಣ್ಣ ಕೊಸ್ತಾಕೆ ಮಾತಿಗೆ ಮುಂಚೆ ಮಾಡುತ್ತಿದ್ದುದೂ ಹೀಗೆಯೇ. ಅವಳ ಕಣ್ಣು ತುಂಬಿತು.

“ನೆಕುಲಾಯ್ ಸರ್ಕಾರಕ್ಕೆ ಕೊಡೋಕೆ ಗೋಧಿ ಇಲ್ಲ ಅಂತಾನೆ,” ಎಂದಿತು ದನಿ. “ಇದೆ. ಕುರಿಕೊಟ್ಟಿಗೆ ನೆಲದಡಿ ಹೂತಿದಾನೆ. ನಾನೇ ಕಂಡಿದೀನಿ. ಅಗೆದು ನೋಡಿ.”

ಚಿತ್ರದ ಕೆಳಗೆ ಅಕ್ಷರ ಮೂಡಿತು: ‘ಸಭೆಯಲ್ಲಿ ಒಬ್ಬ ರೈತ ನೆರೆಯವನ ಮೇಲೆ ದೂರು ಹೇಳುತ್ತಿದ್ದಾನೆ.’ ಹೆಸರಿನ ಜಾಗ ಖಾಲಿಯಿತ್ತು.

ಸವೇತಾ ಬಟ್ಟಲಿಗೆ ಕಟ್ಟಿದ್ದ ಬಟ್ಟೆಯ ಗಂಟನ್ನು ಬಿಗಿ ಮಾಡಿದಳು.

“ಅದು ತಪ್ಪೂ ಮಾಡುತ್ತಲ್ವಾ?” ಕೇಳಿದಳು.

“ಮಾಡುತ್ತೆ. ಬೇರೆಯವರ ಮಾತನ್ನ ಇವರ ತುಟಿಗೆ ಹಚ್ಚಿದ್ದರೂ ಹಚ್ಚಿರಬಹುದು. ಅದಕ್ಕೇ ನಿಮ್ಮನ್ನ ಕರೆಸಿದ್ದು. ಇದು ನಿಮ್ಮಪ್ಪನ ದನೀನಾ?”

ಪಾಂಫಿಲ್ ಪರದೆಯನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ. ಕೊಸ್ತಾಕೆಯ ಗಂಟಲ ಸದ್ದನ್ನು ಬೇಲಿಯಾಚೆಯಿಂದ ಅವನೂ ಐವತ್ತು ವರ್ಷ ಕೇಳಿದ್ದ.

“ಅಲ್ಲ,” ಎಂದಳು ಸವೇತಾ. “ನಮ್ಮಪ್ಪನ ದನಿ ಅಲ್ಲ ಇದು.”

ಸ್ಮರಾಂದಾ ಮಾತಾಡಿದವನ ಹೆಸರಿನ ಜಾಗದಲ್ಲಿ ‘ಗೊತ್ತಿಲ್ಲ’ ಎಂದು ಒತ್ತಿದಳು.

ವಾಪಸು ಬರುವಾಗ ಪಾಂಫಿಲ್ ಅರ್ಧ ದಾರಿಯಲ್ಲಿ, ಅಕ್ರೋಟು ಮರಗಳ ಕೆಳಗೆ ಕಾರು ನಿಲ್ಲಿಸಿದ. ಎಲ್ಲಿಗೆ ಹೋಗಿ ಬಂದರೂ ಅವರು ಊಟಕ್ಕೆ ನಿಲ್ಲುತ್ತಿದ್ದ ಜಾಗ. ಸವೇತಾಳ ಕೈ ರೂಢಿಯ ಮೇಲೆ ತಾನೇ ಬಟ್ಟಲಿನ ಬಟ್ಟೆ ಬಿಚ್ಚಿತು, ಚಮಚ ತುಂಬಿ ಚಾಚಿತು. ಹೆಸರು ಹೇಳಲು ಮಾತ್ರ ಬಾಯಿ ಬರಲಿಲ್ಲ.

ಪಾಂಫಿಲ್ ಚಮಚ ತೆಗೆದುಕೊಂಡ. ಬಾಯಿಗೆ ಒಯ್ಯಲಿಲ್ಲ.

“ಯಾರ ಹೆಸರಲ್ಲಿ ಕೊಡ್ತಿದೀಯ, ಅಕ್ಕ?”

ಒಂದು ಕುದುರೆಗಾಡಿ ಹಿಂದಿನಿಂದ ಬಂದು, ದಾಟಿ, ತಿರುವಿನಲ್ಲಿ ಮರೆಯಾಯಿತು.

“ಇಫ್ತಿಮಿ ಹೆಸರಲ್ಲಿ,” ಎಂದಳು. “ನಮ್ಮಪ್ಪ. ಆ ಸಭೇಲಿ ಮಾತಾಡಿದೋನು.”

ಪಾಂಫಿಲ್ ಒಂದು ಕಾಳೂ ಚೆಲ್ಲದ ಹಾಗೆ ಗೋಧಿಯನ್ನು ಬಟ್ಟಲಿಗೆ ಸುರಿದ. ಬಟ್ಟೆಯನ್ನು ತಾನೇ ಕಟ್ಟಿದ.

“ಬೆಳಿಗ್ಗೆ ಬಸ್ಸಿದೆ ಯಾಶಿಗೆ. ಹೋಗಿ ಆ ಹುಡುಗಿಗೂ ಹೇಳು.”

“ನೀನು ಬರಲ್ವಾ?”

“ಇಲ್ಲ.”

ಅವಳು ಬಟ್ಟಲಿನ ಅಂಚು ಸವರುತ್ತಾ ಕೂತಳು. “ಬಸ್ಸು ಎಲ್ಲಿ ನಿಲ್ಲುತ್ತೆ?”

“ಚರ್ಚಿನ ಹತ್ರ.”

ಮನೆಯ ಮುಂದೆ ಅವಳು ಇಳಿದಾಗ ಪಾಂಫಿಲ್ ಕೂಡ ಇಳಿದ. ಅಂಗಳದಲ್ಲಿ ಬೆಳಿಗ್ಗೆ ಅವನು ಅರ್ಧ ಒಡೆದಿಟ್ಟ ಸೌದೆ ಹಾಗೇ ಬಿದ್ದಿತ್ತು, ದಿಮ್ಮಿಯಲ್ಲಿ ಕೊಡಲಿ ಕಚ್ಚಿಕೊಂಡಿತ್ತು. ಅವನು ತಾನು ತಂದಿದ್ದ ಕೊಡಲಿಯನ್ನು ಅಲುಗಿಸಿ ಕಿತ್ತುಕೊಂಡು, ಹೆಗಲಿಗೇರಿಸಿ, ತನ್ನ ಮನೆಗೆ ಹೋದ.